ಉಷ್ಣಸಂಸ್ಕಾರವೂ ಹೊರಮೈಯ ರಚನೆಯೂ

‘ಸಂಸ್ಕಾರ’ವೆಂಬುದು ಕನ್ನಡಿಗರಿಗೆ ಚಿರಪರಿಚಿತವಾದ ಶಬ್ದ. ‘ಸಮ್’ ಎಂಬ ಉಪಸರ್ಗವೂ ‘ಕೃ’ ಎಂಬ ಧಾತುವೂ ಸೇರಿ ‘ಚೆನ್ನಾಗಿ ಮಾಡುವುದು’ ಎಂಬರ್ಥ ಇದಕ್ಕೆ ಸಿದ್ಧಿಸಿದೆ. ಪ್ರಾಚೀನ ಶಾಸ್ತ್ರಕಾರರು ಸಂಸ್ಕಾರದ ಫಲವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ವಸ್ತುವಿನಲ್ಲಿರುವ ಕುಂದನ್ನು ಕಳೆಯುವುದು ದೋಷಾಪನಯನ. ಅದರಲ್ಲಿಲ್ಲದ ಗುಣವನ್ನು ತಂದಿರಿಸುವುದು ಗುಣಾಧಾನ. ಇವೆರಡೂ ಆಗದೆ ವಸ್ತುವಿನ ಸ್ವರೂಪವೇ ಕೆಟ್ಟಿತೆಂದರೆ ಅದು ಸಂಸ್ಕಾರವೆನಿಸದು, ವಿಕಾರವೆನಿಸುವುದು. ಆಧುನಿಕ ಪದಾರ್ಥವಿಜ್ಞಾನದಲ್ಲಿ ಒಂದು ವಸ್ತುವನ್ನು ಗೊತ್ತಾದ ಕಾವಿಗೆ ಏರಿಸಿ, ಗೊತ್ತಾದ ಕಾಲದವರೆಗೆ ಅಲ್ಲಿ ನಿಲ್ಲಿಸಿ, ಗೊತ್ತಾದ ವೇಗದಲ್ಲಿ ತಣಿಸುವ ಕ್ರಿಯೆಯೊಂದುಂಟು. ಅದನ್ನು ಉಷ್ಣಸಂಸ್ಕಾರವೆಂದು ಕರೆದರೆ ಅರ್ಥವೂ ಕೆಡದು, ಕನ್ನಡದ ಕಿವಿಗೂ ಹಿತವಾಗುವುದು.

ಈ ಕ್ರಿಯೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಗೆ ಹೊಸದೇನೂ ಅಲ್ಲ. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಟ್ಟು, ನೀರಿನಲ್ಲಿ ಅರಳಿಸಿ, ಮರಳಿನೊಡನೆ ಅರೆದರೆ ಗಚ್ಚು ಸಿದ್ಧವಾಗುತ್ತದೆ. ಶ್ರೀ ಮುರುಘೇಂದ್ರ ಶಿವಯೋಗಿಗಳ (1836–1921) ತಪಸ್ಸಿನಿಂದ ಪಾವನವಾದ ಅಥಣಿಯ ಗಚ್ಚಿನಮಠವು ಈ ಶಬ್ದವನ್ನು ತನ್ನ ಹೆಸರಿನಲ್ಲಿಯೇ ಧರಿಸಿದೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಪಾಕಕ್ಕೆ ಬಂದಾಗ ಬೆಲ್ಲವಾಗುತ್ತದೆ. ನಿಪ್ಪಾಣಿಯ ತಂಬಾಕಿನ ಎಲೆಯನ್ನು ಬಿಸಿಲಿಗೆ ಒಡ್ಡುವವರಿಗೆ ಒಂದು ಮಾತು ಗೊತ್ತು: ಅವಸರದಲ್ಲಿ ಒಣಗಿದ ಎಲೆಯಲ್ಲಿ ಹಸಿರು ಹಾಗೆಯೇ ಉಳಿಯುತ್ತದೆ, ನಿಧಾನವಾಗಿ ಹದಗೊಂಡ ಎಲೆಯಲ್ಲಿ ಮಾತ್ರ ಬಣ್ಣವೂ ಕಂಪೂ ಕೂಡಿಬರುತ್ತವೆ. ಎಲ್ಲೆಡೆಯೂ ಕಾವು ಎಷ್ಟು ಎಂಬ ಪ್ರಶ್ನೆಯ ಜೊತೆಗೆ ಎಷ್ಟು ಹೊತ್ತು, ಎಷ್ಟು ನಿಧಾನ ಎಂಬ ಪ್ರಶ್ನೆಗಳೂ ಇದ್ದೇ ಇವೆ. ಈ ಮೂರರ ಸಾಮರಸ್ಯಕ್ಕೆ ‘ಹದ’ವೆಂದು ಹೆಸರು.

ಇದೇ ಹದದ ತತ್ತ್ವವನ್ನು ಇಂದು ಮನೆಮನೆಯಲ್ಲಿರುವ ಒಂದು ವಸ್ತುವಿಗೆ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ. ಆ ವಸ್ತು ಪಾಲಿಮರ್ ತೆಳುಹಾಳೆ, ಎಂದರೆ ಜನರ ಮಾತಿನ ಪ್ಲಾಸ್ಟಿಕ್ ಹಾಳೆ. ಚಹದಂಗಡಿಯಿಂದ ಕುದಿಯುವ ಚಹವನ್ನು ತೆಳ್ಳನೆಯ ಚೀಲದಲ್ಲಿ ಕಟ್ಟಿಸಿ ಒಯ್ಯುವವರನ್ನು ಕಾಣದ ಊರಿಲ್ಲ. ‘ಚೀಲವೇನೂ ಕರಗಲಿಲ್ಲವಲ್ಲ, ಕೆಟ್ಟದ್ದೇನು?’ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಉತ್ತರ ಹೇಳಬೇಕಾದರೆ ಹಾಳೆಯ ಒಳಗೇನಿದೆ, ಕಾವು ತಗುಲಿದಾಗ ಅದರ ಹೊರಮೈಯಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಕ್ರಮವಾಗಿ ತಿಳಿಯಬೇಕು.

ಸರಪಳಿಯ ಸ್ವರೂಪ

‘ಪಾಲಿಮರ್’ ಎಂಬುದು ಗ್ರೀಕ್ ಮೂಲದ ಶಬ್ದ. ‘ಪಾಲಿ’ ಎಂದರೆ ಬಹು, ‘ಮೆರೊಸ್’ ಎಂದರೆ ಭಾಗ. ಸ್ವೀಡನ್ ದೇಶದ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ 1833ರಲ್ಲಿ ಈ ಶಬ್ದವನ್ನು ಬಳಕೆಗೆ ತಂದನು. ಆದರೆ ಇಂದಿನ ಅರ್ಥ ಅದಕ್ಕೆ ಒದಗಿದ್ದು ಬಹುಕಾಲದ ಮೇಲೆ. ಸಾವಿರಾರು ಸಣ್ಣ ಅಣುಘಟಕಗಳು ಕೊಂಡಿಗೆ ಕೊಂಡಿ ಬೆಸೆದು ಒಂದೇ ಉದ್ದನೆಯ ಸರಪಳಿಯಾಗಬಲ್ಲವೆಂದು ಜರ್ಮನಿಯ ಹರ್ಮನ್ ಸ್ಟಾಡಿಂಗರ್ 1920ರಲ್ಲಿ ಪ್ರತಿಪಾದಿಸಿದಾಗ ಸಮಕಾಲೀನ ವಿದ್ವಾಂಸರಲ್ಲಿ ಅನೇಕರು ಒಪ್ಪಲಿಲ್ಲ. ಕಾಲಕ್ರಮದಲ್ಲಿ ಆತನ ಮಾತೇ ಸತ್ಯವೆಂದು ಸ್ಥಿರಪಟ್ಟಿತು. 1953ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಸಂದಿತು.

ವ್ಯಾಕರಣ ಬಲ್ಲ ವಿದ್ಯಾರ್ಥಿಗಳಿಗೆ ಈ ಸರಪಳಿಯನ್ನು ಸಮಾಸದ ದೃಷ್ಟಾಂತದಿಂದ ತಿಳಿಸಬಹುದು. ಬಿಡಿಪದಗಳು ತಮ್ಮ ವಿಭಕ್ತಿಪ್ರತ್ಯಯಗಳನ್ನು ಕಳೆದುಕೊಂಡು ಒಂದಕ್ಕೊಂದು ಹತ್ತಿ ದೀರ್ಘವಾದ ಸಮಸ್ತಪದವಾಗುವಂತೆ, ಎಥಿಲೀನ್ ಎಂಬ ಅನಿಲದ ಅಣುಗಳು ತಮ್ಮೊಳಗಿನ ಜೋಡುಬಂಧವನ್ನು ಬಿಚ್ಚಿ ಒಂದಕ್ಕೊಂದು ಹತ್ತಿದರೆ ಪಾಲಿಎಥಿಲೀನ್ ಆಗುತ್ತದೆ. ಇಂಗ್ಲೆಂಡಿನ ಐ.ಸಿ.ಐ. ಸಂಸ್ಥೆಯ ಗಿಬ್ಸನ್ ಮತ್ತು ಫಾಸೆಟ್ ಎಂಬ ಸಂಶೋಧಕರು 1933ರಲ್ಲಿ ಅಧಿಕ ಒತ್ತಡದ ಪ್ರಯೋಗವೊಂದನ್ನು ನಡೆಸುತ್ತಿದ್ದಾಗ ಅನಿರೀಕ್ಷಿತವಾಗಿ ಮೇಣದಂಥ ಬಿಳಿಯ ವಸ್ತುವೊಂದು ದೊರೆಯಿತು. ಇಂದಿನ ಚೀಲ, ಹಾಲಿನ ಪಾಕೀಟು, ಹೊಲದ ಹೊದಿಕೆಹಾಳೆಗಳ ವಂಶಕ್ಕೆ ಅದೇ ಮೂಲಪುರುಷ.

ಪಾಲಿಮರ್ ಎಂದರೆ ಕಾರ್ಖಾನೆಯಲ್ಲಿ ಹುಟ್ಟಿದ್ದೇ ಎಂದು ತಿಳಿಯಬಾರದು. ಹತ್ತಿಯ ನೂಲು, ಎಲೆಯ ನಾರು, ರೇಷ್ಮೆಯ ಎಳೆ, ರಬ್ಬರಿನ ಹಾಲು, ದನದ ತೊಗಲು ಇವೆಲ್ಲವೂ ನಿಸರ್ಗವು ನೆಯ್ದ ಪಾಲಿಮರುಗಳೇ.

ಇಂಥ ಸರಪಳಿಗಳು ಹಾಳೆಯೊಳಗೆ ಎರಡು ರೀತಿಯಲ್ಲಿ ಇರುತ್ತವೆ. ಕೆಲವೆಡೆ ಬಾಚಿ ಹೆಣೆದ ಕೂದಲಿನಂತೆ ಒಪ್ಪವಾಗಿ ಒಂದರ ಪಕ್ಕದಲ್ಲೊಂದು ಕೂಡಿರುತ್ತವೆ. ಇದು ಸ್ಫಟಿಕ ಭಾಗ. ಕೆಲವೆಡೆ ಕೆದರಿದ ಕೂದಲಿನಂತೆ ಗೋಜಲಾಗಿರುತ್ತವೆ. ಇದು ಅಸ್ಫಟಿಕ ಭಾಗ. ಪಾಲಿಎಥಿಲೀನಿನ ಸರಪಳಿಗಳು ಸ್ಫಟಿಕದಲ್ಲಿ ಸೀರೆಯ ನೆರಿಗೆಯಂತೆ ಹಿಂದೆ ಮುಂದೆ ಮಡಿಚಿಕೊಂಡಿರುತ್ತವೆ ಎಂಬುದನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದ ಆಂಡ್ರ್ಯೂ ಕೆಲ್ಲರ್ 1957ರಲ್ಲಿ ತೋರಿಸಿಕೊಟ್ಟನು. ಆ ನೆರಿಗೆಯ ಹಲಗೆಗಳ ದಪ್ಪ ಸುಮಾರು 10 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್ ಆಗುತ್ತದೆ.

ಸ್ಫಟಿಕ ಮತ್ತು ಅಸ್ಫಟಿಕಗಳ ಭೇದವನ್ನು ಸಕ್ಕರೆಯಲ್ಲಿ ಸುಲಭವಾಗಿ ಕಾಣಬಹುದು. 1939ರಲ್ಲಿ ಸ್ಥಾಪನೆಗೊಂಡ ಉಗಾರದ ಸಕ್ಕರೆ ಕಾರ್ಖಾನೆ ಕಾಗವಾಡ ಸೀಮೆಯವರಿಗೆಲ್ಲ ಪರಿಚಿತವಾದುದು. ಅಂಥ ಕಾರ್ಖಾನೆಗಳಲ್ಲಿ ಪಾಕಕ್ಕೆ ಸಾಕಷ್ಟು ಕಾಲಾವಕಾಶವನ್ನು ಕೊಟ್ಟು ಹರಳುಗಳನ್ನು ಬೆಳೆಸುತ್ತಾರೆ. ಅದೇ ಸಕ್ಕರೆಯ ಗಟ್ಟಿ ಪಾಕವನ್ನು ತಣ್ಣನೆಯ ತಟ್ಟೆಯ ಮೇಲೆ ತಟ್ಟನೆ ಸುರಿದರೆ ಹರಳು ಕಟ್ಟದೆ ಗಾಜಿನಂಥ ಪಾರದರ್ಶಕ ಹಾಳೆಯಾಗುತ್ತದೆ. ವಸ್ತು ಒಂದೇ, ತಣಿದ ಬಗೆ ಬೇರೆ, ಆದುದರಿಂದ ಮೈಯ ರಚನೆಯೂ ಬೇರೆ.

ಹಾಳೆ ಹುಟ್ಟುವಾಗಿನ ಬಿಗಿತ

ಪ್ಲಾಸ್ಟಿಕ್ ಹಾಳೆಯನ್ನು ತಯಾರಿಸುವಾಗ ಕಾಳುಗಳನ್ನು ಕರಗಿಸಿ, ಬಳೆಯಾಕಾರದ ಸಂದಿನಿಂದ ಹೊರಗೆ ನೂಕಿ, ಒಳಗೆ ಗಾಳಿಯನ್ನು ತುಂಬಿ ದೊಡ್ಡ ಬುಗ್ಗೆಯಂತೆ ಉಬ್ಬಿಸುತ್ತಾರೆ. ಅದು ಮೇಲಕ್ಕೂ ಅಗಲಕ್ಕೂ ಎಳೆದುಕೊಳ್ಳುತ್ತಿರುವಾಗಲೇ ತಂಗಾಳಿ ಊದಿ ತಣಿಸಿ ಸುರುಳಿ ಸುತ್ತುತ್ತಾರೆ. ಇದರಿಂದ ಸರಪಳಿಗಳು ತಮಗೆ ಸಹಜವಾದ ಸುರುಳಿಯ ಸ್ಥಿತಿಗೆ ಮರಳುವ ಮೊದಲೇ, ಹಗ್ಗದಂತೆ ಎಳೆಸಿಕೊಂಡ ಭಂಗಿಯಲ್ಲಿಯೇ ಹೆಪ್ಪುಗಟ್ಟುತ್ತವೆ. ಹೊರಗಿನಿಂದ ನೋಡುವವರಿಗೆ ಹಾಳೆ ನುಣುಪಾಗಿ, ಪ್ರಶಾಂತವಾಗಿ ಕಾಣುತ್ತದೆ. ಒಳಗೆ ಮಾತ್ರ ಬಿಗಿತ ಅಡಗಿರುತ್ತದೆ. ಇದೇ ಹಾಳೆಯ ಜನ್ಮದೋಷ.

ಈ ದೋಷವನ್ನು ಕಳೆಯಲು ಕಾವು ಬೇಕು. ಎಷ್ಟು ಕಾವು ಎಂಬುದನ್ನು ಎರಡು ಮೇರೆಗಳು ನಿರ್ಣಯಿಸುತ್ತವೆ. ಮೊದಲನೆಯದು ಗಾಜುಸ್ಥಿತಿಯ ಸಂಕ್ರಮಣ. ಇದಕ್ಕಿಂತ ಕೆಳಗಿನ ಕಾವಿನಲ್ಲಿ ಅಸ್ಫಟಿಕ ಭಾಗದ ಸರಪಳಿಗಳು ಕದಲದೆ ನಿಂತಿರುತ್ತವೆ; ಇದಕ್ಕಿಂತ ಮೇಲೇರಿದರೆ ಮೈಮುರಿದು ಅಲುಗಾಡತೊಡಗುತ್ತವೆ. ಎರಡನೆಯದು ದ್ರವನಬಿಂದು. ಅಲ್ಲಿ ಸ್ಫಟಿಕಗಳೂ ಕರಗುತ್ತವೆ. ಥರ್ಮೊಕೋಲಿನ ಮೂಲವಸ್ತುವಾದ ಪಾಲಿಸ್ಟೈರೀನಿನ ಸಂಕ್ರಮಣ ಸುಮಾರು 100 ಡಿಗ್ರಿ ಸೆಲ್ಸಿಯಸ್. ನೀರಿನ ಬಾಟಲಿಯ ಪೆಟ್ ಎಂಬ ಪಾಲಿಮರಿನ ಸಂಕ್ರಮಣ 70ರಿಂದ 80 ಡಿಗ್ರಿ, ದ್ರವನಬಿಂದು 250 ಡಿಗ್ರಿಯ ಆಸುಪಾಸು. ತೆಳುಚೀಲದ ಪಾಲಿಎಥಿಲೀನಿನ ಸಂಕ್ರಮಣವಾದರೋ ಸೊನ್ನೆಗಿಂತ 100 ಡಿಗ್ರಿಗೂ ಕೆಳಗೆ. ಅದರ ದ್ರವನಬಿಂದು 105ರಿಂದ 115 ಡಿಗ್ರಿಯೊಳಗೆ. ಇದರಿಂದ ಒಂದು ಮುಖ್ಯ ಸಂಗತಿ ತಿಳಿದುಬರುತ್ತದೆ. ಚಹದ ಚೀಲದ ಅಸ್ಫಟಿಕ ಭಾಗದಲ್ಲಿರುವ ಸರಪಳಿಗಳು ಮನೆಯ ಸಾಧಾರಣ ಕಾವಿನಲ್ಲಿಯೂ ಅಲುಗಾಡುತ್ತಲೇ ಇರುತ್ತವೆ. ಅದನ್ನು ಬಿಗಿಯಾಗಿ ಹಿಡಿದಿರುವುದು ಸ್ಫಟಿಕಗಳ ಕಟ್ಟು ಮಾತ್ರ. ಆ ಕಟ್ಟಿನಲ್ಲಿಯೂ ಚಿಕ್ಕವು, ದೊಡ್ಡವು ಎಂಬ ಭೇದವುಂಟು. ಚಿಕ್ಕ ಸ್ಫಟಿಕಗಳು ದ್ರವನಬಿಂದುವಿಗೆ ಬಹಳ ಮೊದಲೇ ಕರಗತೊಡಗುತ್ತವೆ.

ಕಾವು ತಗುಲಿದ ಹೊರಮೈ

ಉಷ್ಣಸಂಸ್ಕಾರದಿಂದ ಹೊರಮೈಯಲ್ಲಿ ಆಗುವ ಪರಿಣಾಮಗಳನ್ನು ಐದಾಗಿ ವಿಂಗಡಿಸಿ ಹೇಳಬಹುದು.

ಒಂದನೆಯದು ಬಿಗಿತದ ಶಮನ. ಎರಡು ಮೇರೆಗಳ ನಡುವಣ ಕಾವಿನಲ್ಲಿ ಹಾಳೆಯನ್ನು ಚೌಕಟ್ಟಿನಲ್ಲಿ ಹಿಡಿದು ಸಾಕಷ್ಟು ಹೊತ್ತು ಇರಿಸಿ ನಿಧಾನವಾಗಿ ತಣಿಸಿದರೆ ಸರಪಳಿಗಳು ಬಿಗಿತವನ್ನು ಕಳೆದುಕೊಂಡು ನೆಲೆಗೊಳ್ಳುತ್ತವೆ. ತಂತ್ರಜ್ಞರು ಇದಕ್ಕೆ ಅನೀಲಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಹದಗಾಯಿಸುವುದು ಎನ್ನಬಹುದು. ಇದು ದೋಷಾಪನಯನ. ಅದೇ ಹಾಳೆಯನ್ನು ಹಿಡಿತವಿಲ್ಲದೆ ಬಿಸಿಗೆ ಒಡ್ಡಿದರೆ ಬಿಗಿತವೆಲ್ಲ ಒಮ್ಮೆಲೇ ಬಿಚ್ಚಿ ಹಾಳೆ ಸುಕ್ಕುಗಟ್ಟಿ ಕುಗ್ಗುತ್ತದೆ. ಒಲೆಯ ಬಳಿ ಬಿದ್ದ ಚೀಲ ಮುದುಡುವುದು ಈ ಕಾರಣದಿಂದಲೇ. ಅದು ಕರಗುವುದು ಆಮೇಲಿನ ಮಾತು.

ಎರಡನೆಯದು ನುಣುಪು. ಸಂಕ್ರಮಣವನ್ನು ದಾಟಿದ ಅಸ್ಫಟಿಕ ಹಾಳೆಯ ಹೊರಮೈ ಅತಿ ಮಂದವಾದ ದ್ರವದಂತೆ ವರ್ತಿಸುತ್ತದೆ. ಆಗ ಮೇಲ್ಮೈ ಎಳೆತವು ಗೀರುಗಳನ್ನೂ ಉಬ್ಬುತಗ್ಗುಗಳನ್ನೂ ಸಮಮಾಡುತ್ತದೆ. ಸಾರಿಸಿದ ನೆಲದ ಹಸಿಯ ಮೇಲೆ ಕೈಯ ಗೆರೆಗಳು ತಾವಾಗಿಯೇ ಮಾಸಿದಂತೆ ಇದೆಂದು ತಿಳಿಯಬಹುದು.

ಮೂರನೆಯದು ಇದಕ್ಕೆ ವಿರುದ್ಧವಾದುದು, ಎಂದರೆ ಹರಳುಗಟ್ಟುವಿಕೆ. ಹರಳುಗಟ್ಟುವ ಸ್ವಭಾವದ ಪಾಲಿಮರಿನಲ್ಲಿ ಕಾವು ಸರಪಳಿಗಳಿಗೆ ಚಲನೆಯನ್ನು ಕೊಟ್ಟು ಒಪ್ಪವಾಗಿ ಕೂಡಲು ಅವಕಾಶವೀಯುತ್ತದೆ. ನೆರಿಗೆಯ ಹಲಗೆಗಳು ದಪ್ಪವಾಗುತ್ತವೆ. ಅವು ಒಂದು ಕೇಂದ್ರದಿಂದ ಸುತ್ತಲೂ ಹರಡಿ ಚೆಂಡುಹೂವಿನಂಥ ಗೊಂಚಲುಗಳಾಗಿ ಬೆಳೆಯುತ್ತವೆ. ಹಾಳೆಯ ಗಡಸುತನ ಹೆಚ್ಚುತ್ತದೆ, ಇದು ಗುಣಾಧಾನ. ಆದರೆ ಗೊಂಚಲುಗಳ ಅಂಚುಗಳು ಹೊರಮೈಯಲ್ಲಿ ತಲೆಯೆತ್ತುವುದರಿಂದ ಒರಟುತನ ಹೆಚ್ಚುತ್ತದೆ; ಬೆಳಕು ಚದುರಿ ಹಾಳೆ ಮಂಜುಮಂಜಾಗಿ ಕಾಣುತ್ತದೆ. ಹೀಗೆ ಒಂದೇ ಕಾವು ಒಂದು ಜಾತಿಯ ಹಾಳೆಯನ್ನು ನುಣುಪುಗೊಳಿಸಿದರೆ ಇನ್ನೊಂದು ಜಾತಿಯದನ್ನು ಒರಟುಗೊಳಿಸುತ್ತದೆ. ವಸ್ತುವಿನ ಸ್ವಭಾವವನ್ನು ಅರಿಯದೆ ಸಂಸ್ಕಾರದ ಫಲವನ್ನು ಹೇಳಲಾಗದು.

ನಾಲ್ಕನೆಯದು ಒಳಗಿನದು ಹೊರಬರುವುದು. ಹಾಳೆ ಮೃದುವಾಗಲೆಂದೋ ಒಂದಕ್ಕೊಂದು ಅಂಟದಿರಲೆಂದೋ ಬಣ್ಣ ಬರಲೆಂದೋ ತಯಾರಕರು ಅದರಲ್ಲಿ ಸಣ್ಣ ಅಣುಗಳ ದ್ರವ್ಯಗಳನ್ನು ಬೆರೆಸಿರುತ್ತಾರೆ. ಇವು ಸರಪಳಿಗೆ ಬೆಸೆದುಕೊಂಡಿರುವುದಿಲ್ಲ, ಸಂದುಗಳಲ್ಲಿ ಅಡಗಿರುತ್ತವೆ. ಕಾವೇರಿದಂತೆ ಸಂದುಗಳು ಸಡಿಲಗೊಂಡು ಈ ದ್ರವ್ಯಗಳು ಹೊರಮೈಗೆ ಸರಿದುಬರುತ್ತವೆ. ಹೊರಮೈಗೆ ತಗುಲಿ ಬಿಸಿಯಾದ ಎಣ್ಣೆಯ ಪದಾರ್ಥವೋ ಚಹವೋ ಇದ್ದರೆ ಅದರೊಳಗೆ ಸೇರಿಕೊಳ್ಳುತ್ತವೆ.

ಐದನೆಯದು ಉತ್ಕರ್ಷಣ. ಕಾವಿನೊಡನೆ ಗಾಳಿಯ ಆಮ್ಲಜನಕವೂ ಸೇರಿ ಸರಪಳಿಗಳನ್ನು ಕತ್ತರಿಸುತ್ತದೆ. ಗಾಳಿ ಮೊದಲು ತಗುಲುವುದು ಹೊರಮೈಗಾದುದರಿಂದ ಈ ಹಾನಿ ಅಲ್ಲಿಂದಲೇ ಆರಂಭವಾಗುತ್ತದೆ. ತುಂಡಾದ ಸರಪಳಿಗಳ ಪದರ ಬೆಂಡಾಗಿ, ಕೂದಲೆಳೆಯ ಬಿರುಕುಗಳು ಹುಟ್ಟಿ, ಕೊನೆಗೆ ಹುಡಿಯಾಗಿ ಉದುರುತ್ತದೆ. ಇದು ವಿಕಾರ.

ಆದರೂ ಉತ್ಕರ್ಷಣವನ್ನೇ ಕ್ಷಣಮಾತ್ರದ ಮಿತಿಯಲ್ಲಿಟ್ಟು ಉಪಯೋಗಕ್ಕೆ ತರುವ ಜಾಣ್ಮೆಯೂ ಉಂಟು. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಹಾಳೆಗಳ ಮೇಲೆ ಮುದ್ರಣದ ಮಸಿ ನಿಲ್ಲುವುದಿಲ್ಲ. ಕೆಸುವಿನ ಎಲೆಯ ಮೇಲಿನ ನೀರಿನಂತೆ ಜಾರಿಹೋಗುತ್ತದೆ. ಅಂಥ ಹಾಳೆಯನ್ನು ಜ್ವಾಲೆಯ ಮುಂದೆ ಒಂದು ಕ್ಷಣದ ಸಣ್ಣ ಅಂಶದಷ್ಟು ಹೊತ್ತು ಮಾತ್ರ ಹಾಯಿಸಿದರೆ ಅತ್ಯಂತ ಹೊರಗಿನ ಪದರ ಮಾತ್ರ ಉತ್ಕರ್ಷಿಸಿ ಮಸಿಯನ್ನು ಹಿಡಿಯುವ ಗುಣ ಪಡೆಯುತ್ತದೆ. ಒಳಗಿನ ಮೈ ಕೆಡುವುದಿಲ್ಲ. ಅದೇ ಜ್ವಾಲೆಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಹಾಳೆಯೇ ಉಳಿಯದು. ಸಂಸ್ಕಾರ ಮತ್ತು ವಿಕಾರಗಳ ನಡುವೆ ಇರುವುದು ಕಾಲದ ಒಂದು ಎಳೆ ಮಾತ್ರ.

ಅಳೆಯುವ ಬಗೆ

ನ್ಯಾನೋಮೀಟರಿನಷ್ಟು ಸೂಕ್ಷ್ಮವಾದ ಉಬ್ಬುತಗ್ಗುಗಳನ್ನು ಅಳೆಯುವುದು ಹೇಗೆಂಬ ಶಂಕೆ ಹುಟ್ಟುವುದು ಸಹಜ. 1986ರಲ್ಲಿ ಬಿನ್ನಿಗ್, ಕ್ವೇಟ್, ಗರ್ಬರ್ ಎಂಬ ಮೂವರು ಪರಮಾಣುಬಲ ಸೂಕ್ಷ್ಮದರ್ಶಕವೆಂಬ ಯಂತ್ರವನ್ನು ರಚಿಸಿದರು. ಅತಿಸೂಕ್ಷ್ಮವಾದ ಸೂಜಿಮೊನೆಯೊಂದು ಹೊರಮೈಯ ಮೇಲೆ ಸಾಲುಸಾಲಾಗಿ ಹಾಯ್ದು, ಕಣ್ಣಿಲ್ಲದವರು ಬ್ರೈಲ್ ಲಿಪಿಯನ್ನು ಬೆರಳಿನಿಂದ ಓದುವಂತೆ, ಏರಿಳಿತಗಳನ್ನು ಓದಿ ನಕ್ಷೆ ಬರೆಯುತ್ತದೆ. ಕಾಯಿಸುವ ಮೊದಲಿನ ನಕ್ಷೆಯನ್ನೂ ಕಾಯಿಸಿದ ನಂತರದ ನಕ್ಷೆಯನ್ನೂ ಹೋಲಿಸಿದರೆ ಸಂಸ್ಕಾರದ ಫಲ ಕಣ್ಣಿಗೆ ಕಾಣುತ್ತದೆ.

ಎರಡನೆಯ ಉಪಾಯ ಬಡವರ ಮನೆಯಲ್ಲಿಯೂ ಸಾಧ್ಯವಾದುದು. ಹಾಳೆಯ ಮೇಲೆ ಒಂದು ಹನಿ ನೀರನ್ನಿಟ್ಟು ಪಕ್ಕದಿಂದ ನೋಡಬೇಕು. ಹನಿಯ ಅಂಚು ಹಾಳೆಯೊಡನೆ ಮಾಡುವ ಕೋನಕ್ಕೆ ಸ್ಪರ್ಶಕೋನವೆಂದು ಹೆಸರು. ಶುದ್ಧ ಪಾಲಿಎಥಿಲೀನಿನ ಮೇಲೆ ಈ ಕೋನ 90 ಡಿಗ್ರಿಗಿಂತ ಹೆಚ್ಚು. ಹನಿ ಮುತ್ತಿನಂತೆ ನಿಲ್ಲುತ್ತದೆ. ಹೊರಮೈ ಉತ್ಕರ್ಷಿಸಿದ್ದರೆ ಕೋನ ಇಳಿದು ಹನಿ ಹರಡಿಕೊಳ್ಳುತ್ತದೆ. ಒಂದು ಹನಿ ನೀರು ಹಾಳೆಯ ಚರಿತ್ರೆಯನ್ನು ಹೇಳಬಲ್ಲುದು.

ಹೊರಮೈಯೇ ಮೊದಲು ಕದಲುವುದೆಂಬುದಕ್ಕೆ ಪ್ರಯೋಗದ ಆಧಾರವೂ ಇದೆ. 1994ರಲ್ಲಿ ಕೆಡ್ಡಿ, ಜೋನ್ಸ್, ಕೋರಿ ಎಂಬ ವಿಜ್ಞಾನಿಗಳು ಪಾಲಿಸ್ಟೈರೀನಿನ ಅತಿ ತೆಳುವಾದ ಪೊರೆಗಳನ್ನು ಪರೀಕ್ಷಿಸಿ, ದಪ್ಪ ಸುಮಾರು 40 ನ್ಯಾನೋಮೀಟರಿಗಿಂತ ಕಡಿಮೆಯಾದಂತೆಲ್ಲ ಗಾಜುಸ್ಥಿತಿಯ ಸಂಕ್ರಮಣವೂ ಕೆಳಗಿಳಿಯುತ್ತದೆ ಎಂದು ಕಂಡರು. ಒಳಗಿನ ಸರಪಳಿಗೆ ಎಲ್ಲ ಕಡೆಯೂ ನೆರೆಯವರ ಒತ್ತುವಿಕೆಯುಂಟು. ಹೊರಮೈಯ ಸರಪಳಿಗೆ ಒಂದು ಕಡೆ ಬಯಲು. ಆದುದರಿಂದ ಅದಕ್ಕೆ ಸ್ವಾತಂತ್ರ್ಯ ಹೆಚ್ಚು, ಸ್ಥಿರತೆ ಕಡಿಮೆ ಎಂಬುದು ವಿದ್ವಾಂಸರು ಕೊಡುವ ಸಮಾಧಾನ. ಇಡೀ ಹಾಳೆ ಗಟ್ಟಿಯಾಗಿರುವಾಗಲೇ ಅದರ ಹೊರಪೊರೆ ಬದಲಾಗತೊಡಗಬಹುದೆಂಬುದು ಇದರ ತಾತ್ಪರ್ಯ.

ಇಂಥ ಅಧ್ಯಯನಗಳಿಗೆ ಕರ್ನಾಟಕವೂ ನೆಲೆಯಾಗಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ತೇಜರಾಜ ಅಮಿನಭಾವಿಯವರು ಪಾಲಿಮರ್ ಪೊರೆಗಳ ಕುರಿತು ನಡೆಸಿದ ಸಂಶೋಧನೆ ಲೋಕಮಾನ್ಯವಾದುದು. ಸುತ್ತೂರು ಶ್ರೀಮಠದ ವಿದ್ಯಾಪೀಠವು ಮೈಸೂರಿನಲ್ಲಿ 1963ರಲ್ಲಿ ಆರಂಭಿಸಿದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಲಿಮರ್ ವಿಜ್ಞಾನಕ್ಕೆಂದೇ ಒಂದು ವಿಭಾಗ ನಡೆದುಬಂದಿತು. ಮಠಗಳ ವಿದ್ಯಾದಾನವು ಅಕ್ಷರಾಭ್ಯಾಸದಿಂದ ಅಣುಶಾಸ್ತ್ರದವರೆಗೂ ವ್ಯಾಪಿಸಿದೆ ಎಂಬುದಕ್ಕೆ ಇದೊಂದು ನಿದರ್ಶನ.

ತೊಗಲಿನ ಮೂರೆಳೆಯ ಜಡೆ

ಇನ್ನು ಈ ಸೀಮೆಯ ಕಸಬಿನಿಂದಲೇ ಒಂದು ದೃಷ್ಟಾಂತವನ್ನು ಪರಿಶೀಲಿಸಬಹುದು. ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿಗಳ ಕುಶಲಕರ್ಮಿಗಳು ಹೊಲಿಯುವ ಚಪ್ಪಲಿಗಳು ‘ಕೊಲ್ಹಾಪುರಿ’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿವೆ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೆಂಬ ಕರ್ನಾಟಕದ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು.

ತೊಗಲು ಕೊಲಾಜನ್ ಎಂಬ ಸಸಾರಜನಕದ ಹಾಳೆ, ಅದೂ ಪಾಲಿಮರೇ. ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಅವರೂ ಗೋಪಿನಾಥ ಕರ್ತಾ ಅವರೂ 1954–55ರಲ್ಲಿ ಕೊಲಾಜನ್ ಮೂರೆಳೆಯ ಜಡೆಯಂತೆ ಹೆಣೆದಿದೆಯೆಂದು ಜಗತ್ತಿಗೆ ತೋರಿಸಿದರು. ರಾಮಚಂದ್ರನ್ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು.

ಹಸಿ ತೊಗಲನ್ನು ನೀರಿನಲ್ಲಿಟ್ಟು ಕಾಯಿಸಿದರೆ ಸುಮಾರು 60ರಿಂದ 65 ಡಿಗ್ರಿಯಲ್ಲಿ ಈ ಜಡೆ ಬಿಚ್ಚಿಹೋಗುತ್ತದೆ. ತೊಗಲು ಒಮ್ಮೆಲೇ ಮುದುಡಿ ಕುಗ್ಗುತ್ತದೆ. ಇನ್ನೂ ಕಾಯಿಸಿದರೆ ಅಂಟಾಗಿ ಕರಗುತ್ತದೆ. ಒಮ್ಮೆ ಬಿಚ್ಚಿದ ಜಡೆಯನ್ನು ಮೊದಲಿನಂತೆ ಹೆಣೆಯುವುದು ಅಸಾಧ್ಯ. ಇದನ್ನು ತಡೆಯುವ ವಿದ್ಯೆಯೇ ಹದಮಾಡುವುದು. ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ಚೀಲದಂತೆ ಹೊಲಿದು, ಅದರೊಳಗೆ ಜಾಲಿಯ ಚಕ್ಕೆ ಮತ್ತು ಅಳಲೆಕಾಯಿಯ ಕಷಾಯವನ್ನು ತುಂಬಿ ತೂಗುಹಾಕುವುದು ಈ ಕಸಬಿನ ಸಾಂಪ್ರದಾಯಿಕ ಕ್ರಮ. ಕಷಾಯದ ಒಗರು ನಿಧಾನವಾಗಿ ಇಳಿದು ಜಡೆಜಡೆಗಳ ನಡುವೆ ಕೊಂಡಿ ಹಾಕುತ್ತದೆ. ಹೀಗೆ ಹದಗೊಂಡ ತೊಗಲು 75ರಿಂದ 85 ಡಿಗ್ರಿಯವರೆಗೂ ಕಾವನ್ನು ತಾಳುತ್ತದೆ. ಆದರೂ ನೆನೆದ ಚಪ್ಪಲಿಯನ್ನು ಒಲೆಯ ಬಳಿಯಾಗಲಿ ಉರಿಬಿಸಿಲಿನಲ್ಲಾಗಲಿ ಇರಿಸದೆ ನೆರಳಿನಲ್ಲಿ ಆರಿಸಬೇಕು. ಹೊರಮೈ ಬೇಗ ಒಣಗಿ ಒಳಮೈ ಹಸಿಯಾಗಿ ಉಳಿದರೆ ಅದು ಸೆಟೆದು ಬಿರುಕುಬಿಡುತ್ತದೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಡೋಹರ ಕಕ್ಕಯ್ಯನವರು ತೊಗಲು ಹದಮಾಡುವ ಕಾಯಕದವರು. ಸಮಗಾರ ಹರಳಯ್ಯನವರು ಪಾದರಕ್ಷೆ ಹೊಲಿಯುವ ಕಾಯಕದವರು. ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಕಕ್ಕಯ್ಯನವರು ಐಕ್ಯರಾದರೆಂಬ ಪ್ರತೀತಿಯಿದೆ. ಅವರ ಕಾಯಕವನ್ನು ಕೀಳೆಂದ ಲೋಕಕ್ಕೆ ಅನುಭವಮಂಟಪವು ತಕ್ಕ ಉತ್ತರವನ್ನಿತ್ತಿತು. ಇಂದು ವಿಜ್ಞಾನವೂ ಅದಕ್ಕೆ ಸಾಕ್ಷಿಯಾಗಿ ನಿಂತಿದೆ. ಪಾಲಿಮರಿನ ಸರಪಳಿಗಳಿಗೆ ಅಡ್ಡಕೊಂಡಿ ಹಾಕಿ ಅದರ ತಾಪಸಹಿಷ್ಣುತೆಯನ್ನು ಹೆಚ್ಚಿಸುವ ವಿದ್ಯೆಯನ್ನು ಪ್ರಯೋಗಶಾಲೆಯವರು ಕಲಿಯುವ ಎಷ್ಟೋ ಶತಮಾನಗಳ ಮೊದಲೇ ಈ ಕಾಯಕಜೀವಿಗಳು ಕೈಯಲ್ಲಿ ಬಲ್ಲವರಾಗಿದ್ದರು.

ಹೊಲದಲ್ಲಿ ಮತ್ತು ಪಂಕ್ತಿಯಲ್ಲಿ

ಅಥಣಿ, ರಾಯಬಾಗಗಳ ಹೊಲಗಳಲ್ಲಿ ಹನಿನೀರಾವರಿಯ ಕರಿಯ ಕೊಳವೆಗಳನ್ನು ಎಲ್ಲರೂ ನೋಡಿರುತ್ತಾರೆ. ಅವುಗಳ ಕಪ್ಪು ಅಲಂಕಾರಕ್ಕಾಗಿ ಬಂದುದಲ್ಲ. ಪಾಲಿಎಥಿಲೀನಿನಲ್ಲಿ ನೂರಕ್ಕೆ ಎರಡು ಪಾಲಿನಷ್ಟು ನುಣ್ಣನೆಯ ಇಂಗಾಲದ ಮಸಿಯನ್ನು ಬೆರೆಸಿರುತ್ತಾರೆ. ಅದು ಬಿಸಿಲಿನ ಅತಿನೇರಳೆ ಕಿರಣವನ್ನು ತಾನೇ ಹೀರಿಕೊಂಡು ಸರಪಳಿಗಳನ್ನು ರಕ್ಷಿಸುತ್ತದೆ. ಇಂಥ ರಕ್ಷಣೆಯಿಲ್ಲದ ಅಗ್ಗದ ಹಾಳೆಯನ್ನು ಕಣದ ಮೇಲೋ ಪಾತಿಯ ಮೇಲೋ ಹೊದಿಸಿದರೆ ಕಿರಣವೂ ಕಾವೂ ಕೂಡಿ ಅದರ ಹೊರಮೈಯನ್ನು ಬೆಂಡಾಗಿಸುತ್ತವೆ. ಒಂದೆರಡು ಬೇಸಗೆ ಕಳೆಯುವಷ್ಟರಲ್ಲಿ ಮುಟ್ಟಿದಲ್ಲಿ ಮುರಿಯುವ ಸ್ಥಿತಿಗೆ ಬಂದು ಚೂರುಚೂರಾಗಿ ಮಣ್ಣಿನಲ್ಲಿ ಸೇರುತ್ತದೆ. ಚೂರಾದುದು ಕಣ್ಣಿಗೆ ಮರೆಯಾಗುವುದೇ ಹೊರತು ಮಣ್ಣಾಗುವುದಿಲ್ಲ.

ಈಗ ಚಹದ ಪ್ರಶ್ನೆಗೆ ಮರಳಬಹುದು. ತೆಳುಚೀಲಕ್ಕೆ ಸುರಿದ ಚಹದ ಕಾವು 85–90 ಡಿಗ್ರಿಯಷ್ಟಿದ್ದರೆ ಅದು ಪಾಲಿಎಥಿಲೀನಿನ ದ್ರವನಬಿಂದುವಿಗೆ ಕೇವಲ ಇಪ್ಪತ್ತು ಡಿಗ್ರಿಯ ಆಸುಪಾಸಿನಷ್ಟು ಕೆಳಗಿದೆ. ಚೀಲ ಕರಗುವುದಿಲ್ಲ, ನಿಜ. ಆದರೆ ಚಿಕ್ಕ ಸ್ಫಟಿಕಗಳು ಆಗಲೇ ಸಡಿಲಗೊಂಡಿರುತ್ತವೆ, ಬೆರಕೆಯ ದ್ರವ್ಯಗಳು ಸರಿದಾಡುತ್ತಿರುತ್ತವೆ, ಹೊರಮೈ ತನ್ನ ಹಿಡಿತವನ್ನು ಬಿಡುತ್ತಿರುತ್ತದೆ. ‘ಇದು ಕಾಗದದ ಲೋಟ, ಪ್ಲಾಸ್ಟಿಕ್ಕಲ್ಲ’ ಎನ್ನುವವರೂ ಉಂಟು. ಬರಿಯ ಕಾಗದ ಚಹವನ್ನು ಹಿಡಿದಿಡಲಾರದು; ಅದರ ಒಳಮೈಗೆ ಸಾಮಾನ್ಯವಾಗಿ ಪಾಲಿಎಥಿಲೀನಿನ ತೆಳುಪೊರೆಯನ್ನು ಲೇಪಿಸಿರುತ್ತಾರೆ. ಖರಗಪುರದ ಐ.ಐ.ಟಿ.ಯ ಸಂಶೋಧಕರು ಇಂಥ ಲೋಟಗಳಲ್ಲಿ 85ರಿಂದ 90 ಡಿಗ್ರಿಯ ಬಿಸಿನೀರನ್ನು 15 ನಿಮಿಷ ಇರಿಸಿ ಪರೀಕ್ಷಿಸಿ, 100 ಮಿಲಿಲೀಟರ್ ನೀರಿಗೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುಗಡೆಯಾದುವೆಂದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತಿಳಿಸಿದರು. ಲೋಟವೂ ಕರಗಿರಲಿಲ್ಲ, ಸೋರಿಯೂ ಇರಲಿಲ್ಲ. ಕಣ್ಣಿಗೆ ಕಾಣದ ಹೊರಪೊರೆ ಮಾತ್ರ ಕಳಚಿ ನೀರಿಗಿಳಿದಿತ್ತು.

‘ಕರಗಲಿಲ್ಲವಲ್ಲ, ಕೆಟ್ಟದ್ದೇನು?’ ಎಂಬ ಪ್ರಶ್ನೆಗೆ ಇದೇ ಉತ್ತರ. ಕರಗುವುದು ವಿಕಾರದ ಕೊನೆಯ ಹೆಜ್ಜೆ. ಮೊದಲ ಹೆಜ್ಜೆಯನ್ನು ಹೊರಮೈ ಸದ್ದಿಲ್ಲದೆ ಇಟ್ಟಾಗಿರುತ್ತದೆ. ಎಲ್ಲ ಹಾಳೆಯೂ ವಿಷವೆಂದು ಇದರರ್ಥವಲ್ಲ. ತಣ್ಣನೆಯ ಹಾಲನ್ನೋ ಒಣಗಿದ ಕಾಳನ್ನೋ ಹಿಡಿದಿಡುವುದಕ್ಕೆ ಹದವಾಗಿ ರಚಿಸಿದ ಹಾಳೆಯನ್ನು ಕುದಿಯುವ ಪದಾರ್ಥಕ್ಕೆ ಒಡ್ಡುವುದು ಬಳಸುವವರ ತಪ್ಪು, ಹಾಳೆಯದಲ್ಲ.

ಕರ್ನಾಟಕ ಸರ್ಕಾರವು 2016ರ ಮಾರ್ಚಿಯಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ಮೊದಲಾದುವನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ದೇಶಾದ್ಯಂತ ನಿಷೇಧ ಜಾರಿಗೆ ಬಂದಿತು. ಕಾನೂನು ಬೀದಿಯನ್ನು ಕಾಯಬಹುದು. ಪಂಕ್ತಿಯನ್ನು ಕಾಯಬೇಕಾದವರು ಬಡಿಸುವವರೇ. ಜಾತ್ರೆ, ಪುಣ್ಯಸ್ಮರಣೆ, ಮದುವೆಗಳಲ್ಲಿ ಸಾವಿರಾರು ಜನರಿಗೆ ದಾಸೋಹ ನಡೆಯುವಾಗ ಪ್ಲಾಸ್ಟಿಕ್ ಪೊರೆ ಅಂಟಿಸಿದ ಹೊಳಪಿನ ತಟ್ಟೆಗಳು ಅಗ್ಗವಾಗಿ ದೊರೆಯುತ್ತವೆ. ಒಲೆಯಿಂದ ಇಳಿದ ಹುಗ್ಗಿಯನ್ನೂ ಸಾರನ್ನೂ ಅವುಗಳ ಮೇಲೆ ಬಡಿಸಿದಾಗ ನಡೆಯುವುದು ಮೇಲೆ ಹೇಳಿದ ಕ್ರಿಯೆಯೇ. ಮುತ್ತುಗದ ಎಲೆಯನ್ನು ಕಡ್ಡಿಯಿಂದ ಚುಚ್ಚಿ ಹಚ್ಚುವ ಪತ್ರಾವಳಿ, ಬಾಳೆಯೆಲೆ, ತೊಳೆದು ಮತ್ತೆ ಬಳಸುವ ಸ್ಟೀಲಿನ ತಾಟು ಇವು ಯಾವುವೂ ಈ ಸೀಮೆಗೆ ಅಪರಿಚಿತವಲ್ಲ. ತಾಟು ತೊಳೆಯುವ ಸೇವೆಗೆ ವಿದ್ಯಾರ್ಥಿಗಳೇ ಮುಂದಾದರೆ ಖರ್ಚಿನ ಮಾತೂ ಹಿಂದೆ ಸರಿಯುವುದು. ಪ್ರಸಾದವೆಂದು ಭಾವಿಸಿ ಸ್ವೀಕರಿಸುವ ಅನ್ನದಲ್ಲಿ ತಟ್ಟೆಯ ಹೊರಪೊರೆ ಬೆರೆಯದಂತೆ ನೋಡಿಕೊಳ್ಳುವುದೂ ದಾಸೋಹದ ಒಂದು ಅಂಗವೇ.

ವಿದ್ಯಾರ್ಥಿಗಳು ಮಾಡಿ ನೋಡತಕ್ಕದ್ದು

ಕೆಳಗಿನ ಪ್ರಯೋಗಗಳನ್ನು ಗುರುಗಳ ಸಮ್ಮುಖದಲ್ಲಿಯೇ ಮಾಡತಕ್ಕದ್ದು. ಪ್ಲಾಸ್ಟಿಕ್ಕನ್ನು ಎಂದಿಗೂ ಉರಿಯಲ್ಲಿ ಸುಡಬಾರದು. ಅದರ ಹೊಗೆ ಪ್ರಾಣಕ್ಕೆ ಅಪಾಯಕರ.

1. ಖಾಲಿಯಾದ ತೆಳ್ಳನೆಯ ನೀರಿನ ಬಾಟಲಿಯ ನಡುಭಾಗದಿಂದ ಒಂದು ಪಟ್ಟಿಯನ್ನು ಕತ್ತರಿಸಿ ಅಳತೆ ಬರೆದಿಟ್ಟುಕೊಂಡು, ಕುದಿಯುವ ನೀರಿನಲ್ಲಿ ಇಕ್ಕಳದಿಂದ ಅದ್ದಬೇಕು. ಇನ್ನೊಂದು ಪಟ್ಟಿಯನ್ನು ಕೈ ತಾಳುವಷ್ಟು ಬಿಸಿಯ ನೀರಿನಲ್ಲಿ ಅದ್ದಬೇಕು. ಮೊದಲನೆಯದು ಮುದುಡುವುದು, ಎರಡನೆಯದು ಹಾಗೆಯೇ ಉಳಿಯುವುದು. ಎರಡೂ ಕರಗಿಲ್ಲ. ಹಾಗಾದರೆ ಇವುಗಳ ನಡುವೆ ದಾಟಿದ ಮೇರೆ ಯಾವುದು?

2. ಹೊಸ ಪಾಲಿಎಥಿಲೀನ್ ಚೀಲದ ಒಂದು ತುಂಡನ್ನೂ, ಬಹುಕಾಲ ಬಿಸಿಲಿನಲ್ಲಿ ಬಿದ್ದು ಬೆಂಡಾದ ಅದೇ ಜಾತಿಯ ಚೀಲದ ತುಂಡನ್ನೂ ತೊಳೆದು ಒರಸಿ, ಎರಡರ ಮೇಲೂ ಒಂದೊಂದು ಹನಿ ನೀರಿಟ್ಟು ಪಕ್ಕದಿಂದ ನೋಡಬೇಕು. ಹನಿಗಳ ಆಕಾರದಲ್ಲಿ ಕಾಣುವ ಭೇದಕ್ಕೆ ಕಾರಣವೇನು?

3. ಸಕ್ಕರೆಯ ಗಟ್ಟಿ ಪಾಕದ ಒಂದು ಚಮಚವನ್ನು ತಣ್ಣನೆಯ ತಟ್ಟೆಯ ಮೇಲೆ ಸುರಿಯಬೇಕು. ಇನ್ನೊಂದೆಡೆ ಬಿಸಿನೀರಿನಲ್ಲಿ ಹಿಡಿಸುವಷ್ಟು ಸಕ್ಕರೆಯನ್ನು ಕರಗಿಸಿ, ಅದರಲ್ಲಿ ದಾರವೊಂದನ್ನು ಇಳಿಬಿಟ್ಟು ಕೆಲವು ದಿನ ಅಲುಗಾಡಿಸದೆ ಇರಿಸಬೇಕು. ಎರಡರ ಮೈಯನ್ನೂ ಭೂತಗನ್ನಡಿಯಿಂದ ನೋಡಿ ಹೋಲಿಸಬೇಕು. ಇವುಗಳಲ್ಲಿ ಸ್ಫಟಿಕ ಯಾವುದು, ಅಸ್ಫಟಿಕ ಯಾವುದು?

ಈ ಮೂರು ಪ್ರಯೋಗಗಳ ಫಲವನ್ನು ಬರೆದಿಟ್ಟುಕೊಂಡ ವಿದ್ಯಾರ್ಥಿಯು ಮನೆಗೆ ಹೋದಾಗ ಚಹ ಕಟ್ಟಿಸಿ ತರಲು ಹೇಳಿದರೆ ಚೀಲವನ್ನು ಬಿಟ್ಟು ಚರಿಗೆಯನ್ನು ಕೈಗೆತ್ತಿಕೊಂಡಾನು. ಪಾಠ ಕೈಗೆ ಇಳಿದಿತೆಂಬುದಕ್ಕೆ ಅದಕ್ಕಿಂತ ಬೇರೆ ಪರೀಕ್ಷೆ ಬೇಡ.